ಶ್ವಾಸಕೋಶದ ಗುಳ್ಳೆಗಳು: ಎಲ್ಲ ಕುಳಿಯೂ ಕ್ಷಯವಲ್ಲ

ಊರಿನಿಂದ ಬಂದು ವಾಶಿಯಲ್ಲಿ ಅಣ್ಣನ ಮನೆಯಲ್ಲಿ ನೆಲೆಸಿದ ತರುಣನೊಬ್ಬನಿಗೆ ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸ ದೊರೆತಿದೆ ಎಂದಿಟ್ಟುಕೊಳ್ಳಬಹುದು. ಸೇರುವ ಮುನ್ನ ವೈದ್ಯಕೀಯ ಪರೀಕ್ಷೆಯಾಗಬೇಕು. ತರುಣನಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಮೈ ಇಳಿದಿಲ್ಲ. ಆದರೂ ಎದೆಯ ಕ್ಷ-ಕಿರಣ ಚಿತ್ರದಲ್ಲಿ ಬಲಗಡೆಯ ಮೇಲ್ಭಾಗದಲ್ಲಿ ನಾಣ್ಯದಗಲದ ಕಪ್ಪು ವೃತ್ತವೊಂದು ಕಾಣಿಸುತ್ತದೆ. ವರದಿಯಲ್ಲಿ 'ಕುಳಿಯಿದ್ದಂತಿದೆ, ಕ್ಷಯವಿರಬಹುದು' ಎಂಬ ಒಂದೇ ಸಾಲು. ಆ ಸಾಲು ಮನೆಯನ್ನೆಲ್ಲ ಅಲುಗಿಸಿಬಿಡುತ್ತದೆ. ಅವನ ತಟ್ಟೆ ಲೋಟ ಬೇರೆಯಾಗುತ್ತವೆ. ಅಣ್ಣನ ಮಗುವನ್ನು ಎತ್ತಿಕೊಳ್ಳಲು ಅತ್ತಿಗೆ ಬಿಡುವುದಿಲ್ಲ. ಊರಿನಲ್ಲಿ ಮಾತುಕತೆಯಾಗಿದ್ದ ಮದುವೆಯ ಸುದ್ದಿ ತಣ್ಣಗಾಗುತ್ತದೆ. ಕೆಲಸವಂತೂ ಕೈಬಿಟ್ಟಂತೆಯೇ.

ಇಂತಹ ಪ್ರಸಂಗಗಳು ವಿರಳವಲ್ಲ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೊರಟವರೂ ಎದೆಯ ಚಿತ್ರವನ್ನು ತೆಗೆಸಿಯೇ ಹೋಗಬೇಕಾಗುತ್ತದೆ. ಕ್ಷಯರೋಗವು ಇಂದಿಗೂ ವ್ಯಾಪಕವಾಗಿರುವ ನಾಡಿನಲ್ಲಿ ಎದೆಯಲ್ಲಿ ಕಪ್ಪು ವೃತ್ತ ಕಂಡೊಡನೆ ವೈದ್ಯರ ಮನಸ್ಸು ಮೊದಲು ಕ್ಷಯದ ಕಡೆಗೇ ಹರಿಯುವುದು ಸಹಜ. ಅದು ಸರಿಯೂ ಹೌದು. ಆದರೆ ಮೊದಲ ಸಂಶಯವೇ ಕೊನೆಯ ತೀರ್ಪಾಗಬಾರದು. ಶ್ವಾಸಕೋಶದಲ್ಲಿ ಕ್ಷಯವೂ ಅಲ್ಲದ, ಏಡಿಗಂತಿಯೂ ಅಲ್ಲದ ಅನೇಕ ಬಗೆಯ ಗುಳ್ಳೆಗಳು ಉಂಟಾಗುತ್ತವೆ. ಕೆಲವು ಹುಟ್ಟಿನಿಂದಲೇ ಬಂದವು, ಕೆಲವು ಧೂಮಪಾನದ ಫಲ, ಕೆಲವು ಸೋಂಕಿನ ಅವಶೇಷ, ಇನ್ನು ಕೆಲವು ಒಂದು ಸಣ್ಣ ಹುಳುವಿನ ಕೊಡುಗೆ. ಇವನ್ನು ಪರಸ್ಪರ ಬೇರ್ಪಡಿಸಿ ಗುರುತಿಸುವ ಬಗೆ ಹೇಗೆಂಬುದೇ ಇಲ್ಲಿಯ ವಿಷಯ.

ಗೋಡೆಯೇ ಗುರುತು

ಶ್ವಾಸಕೋಶವು ರಬ್ಬರಿನ ಬುಗ್ಗೆಯಂತಹ ಬರಿಯ ಪೊಳ್ಳು ಚೀಲವಲ್ಲ. ಗಂಟಲಿನಿಂದ ಇಳಿದ ಶ್ವಾಸನಾಳವು ಎರಡಾಗಿ, ನಾಲ್ಕಾಗಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆದು ಕೊನೆಗೆ ಅತಿ ಸಣ್ಣ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಒಂದೊಂದು ಗೂಡಿನ ಅಡ್ಡಳತೆ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ಎರಡೂ ಶ್ವಾಸಕೋಶಗಳಲ್ಲಿ ಇಂತಹವು ಸುಮಾರು 30ರಿಂದ 50 ಕೋಟಿಯಷ್ಟಿವೆ. ಗೂಡುಗಳ ನಡುವಣ ಗೋಡೆಗಳಲ್ಲಿ ಕೂದಲಿಗಿಂತಲೂ ಸಣ್ಣ ರಕ್ತನಾಳಗಳು ಹರಿಯುತ್ತವೆ. ಉಸಿರಿನ ಆಮ್ಲಜನಕ ರಕ್ತವನ್ನು ಸೇರುವುದು ಈ ಗೋಡೆಗಳ ಮೂಲಕವೇ.

ಈ ಜಾಲದ ನಡುವೆ ಸ್ಪಷ್ಟವಾದ ಅಂಚಿರುವ, ಗಾಳಿಯೋ ದ್ರವವೋ ತುಂಬಿದ ದುಂಡನೆಯ ಪೊಳ್ಳು ಉಂಟಾದರೆ ಅದನ್ನು ಸಿಸ್ಟ್ ಅಥವಾ ಗುಳ್ಳೆ ಎನ್ನುತ್ತಾರೆ. ಗಾಳಿ ತುಂಬಿದ ಗುಳ್ಳೆಯ ಗೋಡೆ ಸಾಮಾನ್ಯವಾಗಿ 2 ಮಿಲಿಮೀಟರಿಗಿಂತ ತೆಳುವಾಗಿರುತ್ತದೆ. ಕುಳಿ ಎಂಬುದು ಬೇರೆಯೇ ಸಂಗತಿ. ಕ್ಷಯ, ಕೀವುಗಟ್ಟಿದ ಬಾವು, ಏಡಿಗಂತಿ ಮೊದಲಾದವುಗಳಿಂದ ಗಟ್ಟಿಯಾದ ಅಂಗಾಂಶವು ಕೊಳೆತು, ಕೆಮ್ಮಿನೊಡನೆ ಹೊರಬಿದ್ದು, ಉಳಿದ ಹೊಂಡವೇ ಕುಳಿ. ಅದರ ಗೋಡೆ ದಪ್ಪ, ಒರಟು. ಸುತ್ತಲಿನ ಅಂಗಾಂಶವೂ ರೋಗಗ್ರಸ್ತವಾಗಿರುತ್ತದೆ. ಚಿತ್ರವನ್ನು ಓದುವ ತಜ್ಞರಲ್ಲಿ ಒಂದು ಸ್ಥೂಲ ನಿಯಮವಿದೆ: ಗೋಡೆ 4 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಅದು ಬಹುಮಟ್ಟಿಗೆ ನಿರಪಾಯಕಾರಿ; 15 ಮಿಲಿಮೀಟರನ್ನು ಮೀರಿದರೆ ಏಡಿಗಂತಿಯ ಸಂಶಯ ಬಲವಾಗುತ್ತದೆ. ನಡುವಣ ಅಳತೆಯವುಗಳ ವಿಷಯದಲ್ಲಿ ಆತುರದ ನಿರ್ಣಯ ಸಲ್ಲದು.

1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷ-ಕಿರಣವು ದೇಹದ ನೆರಳನ್ನು ಮಾತ್ರ ತೋರಿಸುತ್ತದೆ. ಪಕ್ಕೆಲುಬು, ರಕ್ತನಾಳ, ಹೃದಯ ಎಲ್ಲವೂ ಒಂದರ ಮೇಲೊಂದು ಬಿದ್ದ ಆ ನೆರಳಿನಲ್ಲಿ ಗುಳ್ಳೆಯ ಗೋಡೆಯನ್ನು ಅಳೆಯುವುದು ಕಷ್ಟ. 1970ರ ದಶಕದಲ್ಲಿ ಬಳಕೆಗೆ ಬಂದ ಸಿ.ಟಿ. ಸ್ಕ್ಯಾನ್ ಎದೆಯನ್ನು ಅಡ್ಡಡ್ಡಲಾಗಿ ಹೋಳುಮಾಡಿ ನೋಡಿದಂತೆ ತೋರಿಸುವುದರಿಂದ, ಗೋಡೆಯ ದಪ್ಪ, ಗುಳ್ಳೆಗಳ ಸಂಖ್ಯೆ, ಅವು ಇರುವ ತಾಣ ಇವೆಲ್ಲವೂ ನಿಚ್ಚಳವಾಗುತ್ತವೆ. ಗುಳ್ಳೆಯನ್ನು ಶಸ್ತ್ರಚಿಕಿತ್ಸೆಯಿಂದ ಹೊರತೆಗೆದಾಗ ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದೂ ಆ ಗೋಡೆಯನ್ನೇ. ಅದರ ಒಳಪೊರೆಯಲ್ಲಿ ಯಾವ ಜೀವಕೋಶಗಳಿವೆ, ಹೊರಪದರದಲ್ಲಿ ಸ್ನಾಯುವಿದೆಯೇ, ಮೃದ್ವಸ್ಥಿಯಿದೆಯೇ ಎಂಬುದರ ಮೇಲೆ ರೋಗದ ಹೆಸರು ನಿಲ್ಲುತ್ತದೆ.

ಹುಟ್ಟಿನಿಂದ ಬಂದ ಗುಳ್ಳೆಗಳು

ಗರ್ಭಸ್ಥ ಶಿಶುವಿಗೆ ನಾಲ್ಕು ವಾರವಾಗುವ ಹೊತ್ತಿಗೆ ಅನ್ನನಾಳವಾಗಬೇಕಾದ ಕೊಳವೆಯ ಮುಂಭಾಗದಿಂದ ಶ್ವಾಸಕೋಶದ ಮೊಗ್ಗು ಮೂಡುತ್ತದೆ. ಅದು ಕವಲೊಡೆಯುತ್ತ ಬೆಳೆಯುವಾಗ ಒಂದು ಸಣ್ಣ ಮೊಗ್ಗು ಮೂಲದಿಂದ ಕಡಿದು ಬೇರೆಯಾಗಿ ಉಳಿದರೆ, ಮುಂದೆ ಅದೇ ಶ್ವಾಸನಾಳಜನ್ಯ ಗುಳ್ಳೆಯಾಗುತ್ತದೆ. ಇದು ಹೆಚ್ಚಾಗಿ ಎದೆಯ ನಡುಭಾಗದಲ್ಲಿ, ಶ್ವಾಸನಾಳ ಕವಲೊಡೆಯುವ ಆಸುಪಾಸಿನಲ್ಲಿರುತ್ತದೆ. ಕೆಲವೊಮ್ಮೆ ಶ್ವಾಸಕೋಶದೊಳಗೂ ಇರುತ್ತದೆ. ಒಳಗೆ ಲೋಳೆಯಂತಹ ದ್ರವ. ಒಳಪೊರೆಯಲ್ಲಿ ಶ್ವಾಸನಾಳದಲ್ಲಿರುವಂತಹ ಸೂಕ್ಷ್ಮ ರೋಮಗಳುಳ್ಳ ಜೀವಕೋಶಗಳಿರುತ್ತವೆ. ಗೋಡೆಯಲ್ಲಿ ಮೃದ್ವಸ್ಥಿಯ ಚೂರುಗಳು ಸಿಕ್ಕಿದರೆ ಮೂಲದ ವಿಷಯದಲ್ಲಿ ಸಂಶಯ ಉಳಿಯುವುದಿಲ್ಲ. ಎಷ್ಟೋ ಜನರಲ್ಲಿ ಇದು ನಡುವಯಸ್ಸಿನವರೆಗೂ ಸದ್ದಿಲ್ಲದೆ ಇದ್ದು, ಸೋಂಕು ತಗಲಿದಾಗ ಅಥವಾ ಪಕ್ಕದ ಅಂಗವನ್ನು ಒತ್ತಿದಾಗ ಮಾತ್ರ ಬೆಳಕಿಗೆ ಬರುತ್ತದೆ.

ಎರಡನೆಯದು ಕಿರುಶ್ವಾಸನಾಳಗಳ ಬೆಳವಣಿಗೆಯೇ ದಾರಿ ತಪ್ಪಿ, ಶ್ವಾಸಕೋಶದ ಒಂದು ಭಾಗವು ಗುಳ್ಳೆಗಳ ಗೊಂಚಲಾಗಿಬಿಡುವ ಸ್ಥಿತಿ. 1949ರಲ್ಲಿ ಮೊದಲ ಬಾರಿಗೆ ಪ್ರತ್ಯೇಕವಾಗಿ ವಿವರಿಸಲ್ಪಟ್ಟ ಈ ದೋಷವನ್ನು 1977ರಲ್ಲಿ ಸ್ಟಾಕರ್ ಎಂಬ ರೋಗಶಾಸ್ತ್ರಜ್ಞರು ಗುಳ್ಳೆಗಳ ಗಾತ್ರ ಮತ್ತು ರಚನೆಗಳನ್ನು ಆಧರಿಸಿ ವರ್ಗೀಕರಿಸಿದರು. ಈಗ ಗರ್ಭಿಣಿಯರಿಗೆ 20ನೆಯ ವಾರದ ಆಸುಪಾಸಿನಲ್ಲಿ ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿಯೇ ಇದು ಹಲವು ವೇಳೆ ಕಾಣಿಸುತ್ತದೆ. ಹೀಗೆ ಕಂಡ ಕೂಡಲೆ ಎದೆಗುಂದಬೇಕಾಗಿಲ್ಲ. ಬಹಳಷ್ಟು ಶಿಶುಗಳು ತೊಂದರೆಯಿಲ್ಲದೆ ಹುಟ್ಟುತ್ತವೆ. ಆದರೆ ಮಗುವಿಗೆ ಪದೇ ಪದೇ ಒಂದೇ ಜಾಗದಲ್ಲಿ ನ್ಯುಮೋನಿಯಾ ಆಗುತ್ತಿದ್ದರೆ ಈ ದೋಷವನ್ನು ನೆನೆಯಬೇಕು. ಇದರ ಕೆಲವು ಬಗೆಗಳಲ್ಲಿ ಮುಂದೆ ಏಡಿಗಂತಿ ತಲೆದೋರುವ ಸಣ್ಣ ಸಾಧ್ಯತೆಯಿರುವುದರಿಂದ, ತೆಗೆದುಹಾಕಬೇಕೇ ಅಥವಾ ಕಾದು ನೋಡಬೇಕೇ ಎಂಬುದನ್ನು ಮಕ್ಕಳ ಶಸ್ತ್ರವೈದ್ಯರು ಪ್ರತಿ ಮಗುವನ್ನೂ ಪರಿಶೀಲಿಸಿ ನಿರ್ಧರಿಸುತ್ತಾರೆ.

ಮೂರನೆಯದು ವಿಚಿತ್ರವಾದುದು. ಶ್ವಾಸಕೋಶದ ಒಂದು ತುಂಡು ಶ್ವಾಸನಾಳದ ಸಂಪರ್ಕವಿಲ್ಲದೆ ಬೇರೆಯಾಗಿದ್ದು, ತನ್ನ ರಕ್ತವನ್ನು ಮಹಾಪಧಮನಿಯಿಂದ ನೇರವಾಗಿ ಪಡೆಯುತ್ತಿರುತ್ತದೆ. ಎಡಗಡೆಯ ಕೆಳಭಾಗದಲ್ಲಿ ಇದು ಹೆಚ್ಚು. ಕಾಲಕ್ರಮದಲ್ಲಿ ಅದರೊಳಗೆ ಗುಳ್ಳೆಗಳಾಗಿ ಕೀವು ತುಂಬುತ್ತದೆ. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಗುರುತಿಸುವುದು ಪ್ರಾಣದ ಪ್ರಶ್ನೆ. ಏಕೆಂದರೆ ಮಹಾಪಧಮನಿಯಿಂದ ಬಂದ ಆ ಅಪರಿಚಿತ ನಾಳವು ತಿಳಿಯದೆ ಕಡಿದುಹೋದರೆ ರಕ್ತಸ್ರಾವವನ್ನು ತಡೆಯುವುದು ಕಠಿಣ.

ಆಮೇಲೆ ಉಂಟಾಗುವ ಗುಳ್ಳೆಗಳು

ವಯಸ್ಕರಲ್ಲಿ ಕಾಣುವ ಗಾಳಿಗುಳ್ಳೆಗಳಲ್ಲಿ ಬುಲ್ಲಾ ಎಂಬುದು ಬಹು ಸಾಮಾನ್ಯ. ಗಾಳಿಗೂಡುಗಳ ನಡುವಣ ಗೋಡೆಗಳು ನಾಶವಾಗಿ ಹಲವು ಗೂಡುಗಳು ಒಂದಾಗಿ, 1 ಸೆಂಟಿಮೀಟರಿಗಿಂತ ದೊಡ್ಡ ಪೊಳ್ಳಾದರೆ ಅದು ಬುಲ್ಲಾ. ಅದರ ಗೋಡೆ ಮಿಲಿಮೀಟರಿಗಿಂತಲೂ ತೆಳು. ಅದಕ್ಕೆ ಸ್ವಂತದ ಒಳಪೊರೆಯೂ ಇರುವುದಿಲ್ಲ. ಈ ನಾಶಕ್ಕೆ ಮೂಲವಾದ ಎಂಫಿಸೀಮ ರೋಗವನ್ನು ಫ್ರಾನ್ಸಿನ ವೈದ್ಯ ಲೆನೆಕ್ 1819ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. 1816ರಲ್ಲಿ ಸ್ಟೆತೊಸ್ಕೋಪನ್ನು ರೂಪಿಸಿದವರೂ ಅವರೇ. 1826ರಲ್ಲಿ ಅವರು ತೀರಿಕೊಂಡುದು ಕ್ಷಯದಿಂದ. ಬೀಡಿ ಸಿಗರೇಟುಗಳ ಹೊಗೆಯೇ ಎಂಫಿಸೀಮಕ್ಕೆ ಮುಖ್ಯ ಕಾರಣ. ಸೌದೆ ಬೆರಣಿಗಳ ಹೊಗೆ ತುಂಬಿದ ಅಡುಗೆಮನೆಯಲ್ಲಿ ದಶಕಗಳ ಕಾಲ ದುಡಿದವರ ಶ್ವಾಸಕೋಶಗಳೂ ಕೆಡುತ್ತವೆ. ಹೊಗೆಯಿಂದ ಕೆರಳಿದ ಬಿಳಿ ರಕ್ತಕಣಗಳು ಸ್ರವಿಸುವ ಕಿಣ್ವಗಳು ಶ್ವಾಸಕೋಶದ ಸ್ಥಿತಿಸ್ಥಾಪಕ ತಂತುಗಳನ್ನೇ ಕರಗಿಸಿಬಿಡುತ್ತವೆ. ಈ ಕಿಣ್ವಗಳನ್ನು ತಡೆಯುವ ಪ್ರೋಟೀನು ಹುಟ್ಟಿನಿಂದಲೇ ಕಡಮೆಯಾಗಿರುವ ಕೆಲವರಲ್ಲಿ ರೋಗವು ಚಿಕ್ಕ ವಯಸ್ಸಿನಲ್ಲಿಯೇ ಕಾಣಿಸುತ್ತದೆ ಎಂಬುದು 1963ರಲ್ಲಿ ಸ್ವೀಡನ್ನಿನಲ್ಲಿ ತಿಳಿದುಬಂದಿತು.

ಶ್ವಾಸಕೋಶದ ಹೊರ ಹೊದಿಕೆಯ ಪದರಗಳ ನಡುವೆ ಏಳುವ ಇನ್ನೂ ಚಿಕ್ಕ ಬೊಕ್ಕೆಗಳುಂಟು. ಇವು ನೀಳವಾಗಿ ತೆಳ್ಳಗೆ ಬೆಳೆದ ತರುಣರ ಶ್ವಾಸಕೋಶದ ತುದಿಯಲ್ಲಿ ಕಾಣುತ್ತವೆ. ಅದೊಂದು ದಿನ ಬೊಕ್ಕೆ ಒಡೆದರೆ ಗಾಳಿಯು ಶ್ವಾಸಕೋಶದಿಂದ ಹೊರಗೆ ಸೋರಿ ಎದೆಗೂಡಿನಲ್ಲಿ ಸೇರುತ್ತದೆ, ಶ್ವಾಸಕೋಶ ಮುದುಡುತ್ತದೆ. ಇದೇ ನ್ಯೂಮೋಥೊರಾಕ್ಸ್. ಹಠಾತ್ತನೆ ಒಂದು ಪಕ್ಕದ ಎದೆಯಲ್ಲಿ ಚುಚ್ಚಿದಂತಹ ನೋವು, ಏದುಸಿರು ಬಂದರೆ ಅದನ್ನು ವಾಯುನೋವೆಂದು ಶುಂಠಿ ಕಷಾಯ ಕುಡಿದು ಮಲಗುವುದು ತಪ್ಪು. ಅಂದೇ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಮಕ್ಕಳಲ್ಲಿ ಸ್ಟೆಫಿಲೊಕಾಕಸ್ ಎಂಬ ರೋಗಾಣುವಿನಿಂದ ನ್ಯುಮೋನಿಯಾ ಆದಾಗ ಶ್ವಾಸಕೋಶದಲ್ಲಿ ಗಾಳಿ ತುಂಬಿದ ಗುಳ್ಳೆಗಳು ಏಳುವುದುಂಟು. ಸೀಮೆಎಣ್ಣೆ ಕುಡಿದ ಮಗುವಿನಲ್ಲಿಯೂ, ಎಣ್ಣೆಯು ಶ್ವಾಸಕೋಶಕ್ಕಿಳಿದುದರಿಂದ, ಇವು ಕಂಡುಬರುತ್ತವೆ. ಚಿತ್ರದಲ್ಲಿ ಭಯಂಕರವಾಗಿ ಕಂಡರೂ ಸೋಂಕು ಗುಣವಾದ ಬಳಿಕ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಹುಪಾಲು ತಾವಾಗಿಯೇ ಮಾಯವಾಗುತ್ತವೆ. ಇವಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದು ತೀರ ಅಪರೂಪ.

ಎರಡೂ ಶ್ವಾಸಕೋಶಗಳಲ್ಲಿ ಹತ್ತಾರು ಗುಳ್ಳೆಗಳಿದ್ದರೆ ವೈದ್ಯರ ಯೋಚನೆ ಬೇರೆಯ ದಿಕ್ಕಿಗೆ ಹೊರಳುತ್ತದೆ. ಹೆರುವ ವಯಸ್ಸಿನ ಹೆಂಗಸರಲ್ಲಿಯೇ ಹೆಚ್ಚಾಗಿ ಬರುವ 'ಲ್ಯಾಮ್' ಎಂಬ ವಿರಳ ರೋಗದಲ್ಲಿ ಸ್ನಾಯುವನ್ನು ಹೋಲುವ ಜೀವಕೋಶಗಳು ಶ್ವಾಸಕೋಶವನ್ನೆಲ್ಲ ವ್ಯಾಪಿಸಿ ತೆಳುಗೋಡೆಯ ಗುಳ್ಳೆಗಳನ್ನು ಉಂಟುಮಾಡುತ್ತವೆ. ಸಿರೊಲಿಮಸ್ ಎಂಬ ಔಷಧವು ಈ ರೋಗದಲ್ಲಿ ಉಸಿರಿನ ಶಕ್ತಿ ಕುಂದದಂತೆ ತಡೆಯುತ್ತದೆ ಎಂಬುದು 2011ರಲ್ಲಿ ಸಿದ್ಧಪಟ್ಟಿತು. ಧೂಮಪಾನಿ ತರುಣರಲ್ಲಿ ಬರುವ ಇನ್ನೊಂದು ರೋಗದ ಗುಳ್ಳೆಗಳು ವಕ್ರಾಕಾರವಾಗಿದ್ದು ಮೇಲ್ಭಾಗದಲ್ಲಿರುತ್ತವೆ. ಅದಕ್ಕೆ ಮೊದಲ ಔಷಧವೆಂದರೆ ಸಿಗರೇಟನ್ನು ಬಿಡುವುದು. ಒಂದೇ ಮನೆತನದ ಹಲವರಿಗೆ ನ್ಯೂಮೋಥೊರಾಕ್ಸ್ ಆಗಿದ್ದರೆ ಅನುವಂಶಿಕ ಕಾರಣವನ್ನು ಹುಡುಕಬೇಕು. ಅಂತಹ ಒಂದು ರೋಗದಲ್ಲಿ ಮೂತ್ರಪಿಂಡದಲ್ಲಿಯೂ ಗಡ್ಡೆಗಳಾಗುವ ಸಂಭವವಿದೆ.

ಊರಿನಿಂದ ಜೊತೆಯಲ್ಲಿ ಬಂದ ಗುಳ್ಳೆ

ಮೇಲೆ ಹೇಳಿದವು ಬಹುಪಾಲು ಗಾಳಿಗುಳ್ಳೆಗಳು. ನೀರು ತುಂಬಿದ ಗುಳ್ಳೆಯೊಂದುಂಟು. ಅದರ ಬೀಜ ಬಿದ್ದುದು ಇಲ್ಲಿಯಲ್ಲ, ಇಪ್ಪತ್ತು ವರ್ಷಗಳ ಹಿಂದೆ ಊರಿನ ಹಟ್ಟಿಯಲ್ಲಿರಬಹುದು. ಅದೇ ಹೈಡಾಟಿಡ್ ಗುಳ್ಳೆ.

ಇದಕ್ಕೆ ಕಾರಣ ನಾಯಿಯ ಕರುಳಿನಲ್ಲಿ ವಾಸಿಸುವ, ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಒಂದು ಲಾಡಿಹುಳು. ಅದರ ಮೊಟ್ಟೆಗಳು ನಾಯಿಯ ಮಲದೊಡನೆ ಹುಲ್ಲಿಗೂ ಮಣ್ಣಿಗೂ ಸೇರುತ್ತವೆ. ಹುಲ್ಲು ಮೇಯ್ದ ಕುರಿಯ ಪಿತ್ತಕೋಶ ಅಂದರೆ ಯಕೃತ್ತು, ಶ್ವಾಸಕೋಶಗಳಲ್ಲಿ ಅವು ಗುಳ್ಳೆಗಳಾಗುತ್ತವೆ. ಕುರಿ ಕಡಿದಾಗ ಎಸೆದ ಆ ಅಂಗಗಳನ್ನು ನಾಯಿ ತಿಂದರೆ ಹುಳುವಿನ ಚಕ್ರ ಪೂರ್ಣವಾಗುತ್ತದೆ. ಮನುಷ್ಯನು ಈ ಚಕ್ರದೊಳಗೆ ಅಕಸ್ಮಾತ್ತಾಗಿ ಸಿಲುಕುವವನು. ನಾಯಿಯನ್ನು ಮುದ್ದಿಸಿದ ಕೈಯನ್ನು ತೊಳೆಯದೆ ಉಂಡ ಮಗು, ತೊಳೆಯದ ಸೊಪ್ಪನ್ನು ಹಸಿಯಾಗಿ ತಿಂದವರು ಮೊಟ್ಟೆಗಳನ್ನು ನುಂಗುತ್ತಾರೆ. ಹತ್ತರಲ್ಲಿ ಸುಮಾರು ಏಳು ಪಾಲು ಗುಳ್ಳೆಗಳು ಯಕೃತ್ತಿನಲ್ಲಿ, ಎರಡು ಪಾಲು ಶ್ವಾಸಕೋಶದಲ್ಲಿ ನೆಲೆಗೊಳ್ಳುತ್ತವೆ. ಬೆಳವಣಿಗೆ ನಿಧಾನವಾದುದರಿಂದ ರೋಗ ಪ್ರಕಟವಾಗಲು ವರ್ಷಗಳೇ ಹಿಡಿಯುತ್ತವೆ. ಬಯಲುಸೀಮೆಯ ಕುರಿಹಟ್ಟಿಗಳ ನಡುವೆ ಬಾಲ್ಯ ಕಳೆದು ಬಹುಮಹಡಿ ಕಟ್ಟಡದಲ್ಲಿ ನೆಲೆಸಿದವರ ಎದೆಯಲ್ಲಿ ಇದು ಕಾಣಿಸಿದಾಗ, 'ನಾಯಿ ಸಾಕಿದ್ದೀರಾ' ಎಂಬ ಪ್ರಶ್ನೆಯಷ್ಟೇ ಸಾಲದು. 'ಬಾಲ್ಯ ಎಲ್ಲಿ ಕಳೆಯಿತು' ಎಂದೂ ಕೇಳಬೇಕು. ವೈದ್ಯರು ಕೇಳದಿದ್ದರೆ ರೋಗಿಯೇ ಹೇಳಬೇಕು.

ಈ ಗುಳ್ಳೆಗೆ ಮೂರು ಪದರಗಳು. ಹೊರಗಿನದು ರೋಗಿಯ ದೇಹವೇ ಕಟ್ಟಿದ ಬೇಲಿ. ನಡುವಣದು ಬೇಯಿಸಿದ ಮೊಟ್ಟೆಯ ಬಿಳಿಯಂತಹ ಪೊರೆ. ಒಳಗಿನ ತೆಳುಪೊರೆಯಿಂದ ಹುಳುವಿನ ಸಣ್ಣ ತಲೆಗಳು ಮೊಳೆಯುತ್ತವೆ. ಒಳಗೆ ತಿಳಿನೀರು. ಗುಳ್ಳೆ ಒಡೆದಾಗ ಉಪ್ಪುಪ್ಪಾದ ನೀರು, ದ್ರಾಕ್ಷಿಯ ಸಿಪ್ಪೆಯಂತಹ ಚೂರುಗಳು ಕೆಮ್ಮಿನೊಡನೆ ಹೊರಬೀಳುತ್ತವೆ. ಕೆಲವರಲ್ಲಿ ತೀವ್ರ ಅಲರ್ಜಿಯಿಂದ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗುತ್ತದೆ. ಆದ್ದರಿಂದಲೇ ಶ್ವಾಸಕೋಶದ ನೀರುಗುಳ್ಳೆ ಹೈಡಾಟಿಡ್ ಅಲ್ಲವೆಂದು ಖಚಿತವಾಗುವವರೆಗೆ ಸೂಜಿ ಚುಚ್ಚಿ ನೀರು ತೆಗೆಯುವುದಿಲ್ಲ. ಗುಳ್ಳೆಯನ್ನು ಒಡೆಯಗೊಡದೆ ಹೊರತೆಗೆಯುವ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರ. ಆಲ್ಬೆಂಡಜೋಲ್ ಮಾತ್ರೆ ಉಪಯುಕ್ತವಾದರೂ ಅದು ಗುಳ್ಳೆಯನ್ನು ಮೆದುಗೊಳಿಸಿ ಒಡೆಯುವಂತೆ ಮಾಡಬಹುದು. ಅದನ್ನು ಯಾವಾಗ ಕೊಡಬೇಕೆಂಬುದು ತಜ್ಞರಿಗೆ ಬಿಟ್ಟ ವಿಷಯ. ಅಂಗಡಿಯಿಂದ ತಾವೇ ತಂದು ನುಂಗತಕ್ಕದ್ದಲ್ಲ.

ಕ್ಷಯದೊಡನೆ ಗೊಂದಲ

ಎದೆಯ ಚಿತ್ರವೊಂದನ್ನೇ ನಂಬಿ ಕ್ಷಯವೆಂದು ನಿರ್ಧರಿಸಬಾರದೆಂಬ ತಿಳಿವಳಿಕೆ ಬಲಗೊಂಡುದರಲ್ಲಿ ಕನ್ನಡನಾಡಿನ ಸಂಸ್ಥೆಯೊಂದರ ಪಾತ್ರ ಹಿರಿದು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳ ತಳಹದಿಯ ಮೇಲೆ 1962ರಲ್ಲಿ ರಾಷ್ಟ್ರದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ಸೂಕ್ಷ್ಮದರ್ಶಕದಿಂದ ಮಾಡಬಹುದಾದ ಕಫ ಪರೀಕ್ಷೆಗೆ ಅದರಲ್ಲಿ ಪ್ರಾಧಾನ್ಯ ದೊರೆಯಿತು. ನೆರಳು ಸಂಶಯವನ್ನು ಹುಟ್ಟಿಸಬಲ್ಲದು. ರೋಗಾಣುವನ್ನು ತೋರಿಸಬಲ್ಲುದು ಕಫವೇ. ಈಗ ರೋಗಾಣುವಿನ ವಂಶವಾಹಿಯನ್ನೇ ಗುರುತಿಸುವ, ಕೆಲವು ಗಂಟೆಗಳಲ್ಲಿ ಫಲಿತಾಂಶ ನೀಡುವ ಪರೀಕ್ಷೆಗಳೂ ಬಂದಿವೆ. ಸರಕಾರಿ ಹಾಗೂ ಪಾಲಿಕೆಯ ಆರೋಗ್ಯ ಸಂಸ್ಥೆಗಳಲ್ಲಿ ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ.

ತೆಳುಗೋಡೆಯ ಬುಲ್ಲಾವನ್ನು ಕ್ಷಯದ ಕುಳಿಯೆಂದು ಭ್ರಮಿಸಿದರೆ ರೋಗಿಯು ಆರು ತಿಂಗಳು ಬೇಡದ ಔಷಧಗಳನ್ನು ನುಂಗಬೇಕಾಗುತ್ತದೆ. ಅವುಗಳಲ್ಲಿ ಕೆಲವು ಯಕೃತ್ತಿಗೆ, ಒಂದು ಕಣ್ಣಿನ ನರಕ್ಕೆ ಹಾನಿಮಾಡಬಲ್ಲವು. ಚಿಕಿತ್ಸೆ ಮುಗಿದರೂ ಚಿತ್ರದ ವೃತ್ತ ಹಾಗೆಯೇ ಉಳಿಯುವುದರಿಂದ 'ಔಷಧ ನಾಟಲಿಲ್ಲ' ಎಂಬ ಇನ್ನೊಂದು ತಪ್ಪಿಗೆ ದಾರಿಯಾಗುತ್ತದೆ. ತದ್ವಿರುದ್ಧವಾದ ತಪ್ಪು ಇನ್ನೂ ಘೋರ. ನಿಜವಾದ ಕ್ಷಯವನ್ನು ಬರಿಯ ಗುಳ್ಳೆಯೆಂದು ಅಲಕ್ಷಿಸಿದರೆ ರೋಗ ಮನೆಮಂದಿಗೆಲ್ಲ ಹರಡುತ್ತದೆ. ಕಫದಲ್ಲಿ ಒಮ್ಮೆ ರೋಗಾಣು ಸಿಗದಿದ್ದ ಮಾತ್ರಕ್ಕೆ ಕ್ಷಯವಿಲ್ಲವೆಂದು ಹೇಳಲಾಗದು. ಬುಲ್ಲಾ ಇದ್ದವರಿಗೆ ಕ್ಷಯ ಬರಬಾರದೆಂಬ ನಿಯಮವೂ ಇಲ್ಲ. ಆದುದರಿಂದ ಚಿತ್ರ, ಕಫ, ರೋಗಲಕ್ಷಣ ಮೂರನ್ನೂ ಒಟ್ಟಿಗಿಟ್ಟು ತೂಗಬೇಕು.

ಕ್ಷಯ ಪೂರ್ತಿಯಾಗಿ ಗುಣವಾದ ಮೇಲೂ ಕೆಲವರಲ್ಲಿ ಖಾಲಿ ಕುಳಿ ಉಳಿದುಕೊಳ್ಳುತ್ತದೆ. ಪಾಳುಮನೆಯನ್ನು ಹೊಕ್ಕಂತೆ ಆಸ್ಪರ್ಜಿಲಸ್ ಎಂಬ ಬೂಷ್ಟು ಅದರಲ್ಲಿ ಸೇರಿಕೊಂಡು ಚೆಂಡಿನಂತೆ ಬೆಳೆಯುತ್ತದೆ. ಆಗ ಕೆಮ್ಮಿನಲ್ಲಿ ರಕ್ತ ಬೀಳುತ್ತದೆ. ಕ್ಷಯ ಮರಳಿತೆಂದು ಹಳೆಯ ಔಷಧವನ್ನೇ ಮತ್ತೆ ಆರಂಭಿಸುವ ಮುನ್ನ ಇದನ್ನು ಪರೀಕ್ಷಿಸಿ ತಿಳಿಯುವುದು ಅಗತ್ಯ.

ನಿರಪಾಯಕಾರಿ ಎಂದರೆ ಅಪಾಯವೇ ಇಲ್ಲವೆಂದಲ್ಲ

ರೋಗಶಾಸ್ತ್ರದಲ್ಲಿ ನಿರಪಾಯಕಾರಿ ಎಂಬ ಮಾತಿಗೆ ಏಡಿಗಂತಿಯಂತೆ ದೇಹವನ್ನೆಲ್ಲ ಆಕ್ರಮಿಸದು ಎಂದಷ್ಟೇ ಅರ್ಥ. ಗುಳ್ಳೆ ಒಡೆಯಬಹುದು, ಕೀವು ತುಂಬಬಹುದು, ರಕ್ತ ಸುರಿಯಬಹುದು, ಪಕ್ಕದ ಒಳ್ಳೆಯ ಶ್ವಾಸಕೋಶವನ್ನು ಅದುಮಿಡಬಹುದು. ಎದೆಯ ಒಂದು ಪಕ್ಕದ ಮೂರನೆಯ ಒಂದು ಭಾಗವನ್ನು ಆಕ್ರಮಿಸಿದ ಬುಲ್ಲಾವನ್ನು ದೈತ್ಯ ಬುಲ್ಲಾ ಎನ್ನುತ್ತಾರೆ. ಅಂತಹದನ್ನು ತೆಗೆದುಹಾಕಿದರೆ ಅದುಮಲ್ಪಟ್ಟಿದ್ದ ಶ್ವಾಸಕೋಶ ಅರಳಿ ಉಸಿರಾಟ ಸುಧಾರಿಸುವುದುಂಟು. ಇದು ಕೆಲವೊಮ್ಮೆ ಚಿತ್ರದಲ್ಲಿ ನ್ಯೂಮೋಥೊರಾಕ್ಸಿನಂತೆಯೇ ಕಾಣುತ್ತದೆ. ಆ ಭ್ರಮೆಯಿಂದ ಗುಳ್ಳೆಯೊಳಕ್ಕೇ ಕೊಳವೆ ತೂರಿಸಿದರೆ ಗಾಳಿಯ ಸೋರಿಕೆ ನಿಲ್ಲದೆ ರೋಗಿಯ ಸ್ಥಿತಿ ಬಿಗಡಾಯಿಸುತ್ತದೆ. ರೋಗಿಗೆ ತನ್ನ ಬುಲ್ಲಾದ ವಿಷಯ ತಿಳಿದಿದ್ದು, ಆತ ಅದನ್ನು ತುರ್ತು ಚಿಕಿತ್ಸೆಯ ವೈದ್ಯರಿಗೆ ಹೇಳಿದರೆ ಈ ಅನಾಹುತ ತಪ್ಪೀತು.

ವಿಮಾನದೊಳಗಿನ ಗಾಳಿಯ ಒತ್ತಡವು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಅಲ್ಲಿ ದೇಹದೊಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗುತ್ತದೆ. ದೊಡ್ಡ ಗುಳ್ಳೆಯುಳ್ಳವರು, ಇತ್ತೀಚೆಗೆ ನ್ಯೂಮೋಥೊರಾಕ್ಸ್ ಆದವರು ಮುಂಬಯಿಯಿಂದ ಮಂಗಳೂರಿಗೋ ಬೆಂಗಳೂರಿಗೋ ಹಾರುವ ಮುನ್ನ ವೈದ್ಯರ ಅನುಮತಿ ಪಡೆಯಬೇಕು. ಬೀಡಿ ಸಿಗರೇಟು ಸಂಪೂರ್ಣ ವರ್ಜ್ಯ. ಬುಲ್ಲಾ ಇರುವ ಧೂಮಪಾನಿಗಳಲ್ಲಿ ಶ್ವಾಸಕೋಶದ ಏಡಿಗಂತಿಯ ಸಂಭವ ಹೆಚ್ಚು; ಗುಳ್ಳೆಯ ಗೋಡೆಯ ಒಂದು ಭಾಗ ದಪ್ಪವಾಗತೊಡಗಿದರೆ ತಡಮಾಡದೆ ಪರೀಕ್ಷೆ ಆಗಬೇಕು.

ಈ ಬದಲಾವಣೆಯನ್ನು ಅರಿಯುವ ಉಪಾಯ ಅತಿ ಸರಳವಾದುದು: ಹಳೆಯ ಚಿತ್ರ. ಊರು ಬಿಟ್ಟು ಊರಿಗೆ, ಮನೆ ಬಿಟ್ಟು ಮನೆಗೆ ಹೋಗುವ ಸಂಸಾರಗಳಲ್ಲಿ ಮೊದಲು ರದ್ದಿಗೆ ಬೀಳುವುದು ವೈದ್ಯಕೀಯ ಕಾಗದಪತ್ರಗಳೇ. ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಹತ್ತು ವರ್ಷಗಳ ಹಿಂದೆ ತೆಗೆಸಿದ ಎದೆಯ ಚಿತ್ರವೊಂದು ಪೆಟ್ಟಿಗೆಯ ತಳದಲ್ಲಿದ್ದರೆ, ಅದು ಇಂದಿನ ದುಬಾರಿ ಪರೀಕ್ಷೆಗಿಂತಲೂ ಹೆಚ್ಚಿನದನ್ನು ಹೇಳಬಲ್ಲದು. ಹತ್ತು ವರ್ಷ ಬದಲಾಗದೆ ಉಳಿದ ತೆಳುಗೋಡೆಯ ಗುಳ್ಳೆ ಏಡಿಗಂತಿಯಾಗಿರುವ ಸಂಭವ ತೀರ ಕಡಮೆ.

ಆರಂಭದಲ್ಲಿ ಹೇಳಿದ ತರುಣನ ವಿಷಯಕ್ಕೆ ಮರಳುವುದಾದರೆ, ಅವನು ಮೊದಲು ಮಾಡಬೇಕಾದುದು ಕಫ ಪರೀಕ್ಷೆ, ಹಳೆಯ ಚಿತ್ರದ ಶೋಧ, ಅಗತ್ಯವೆನಿಸಿದರೆ ಸಿ.ಟಿ. ಸ್ಕ್ಯಾನ್, ಅವನ ಮನೆಯವರು ಮಾಡಬೇಕಾದುದು ಫಲಿತಾಂಶ ಬರುವವರೆಗೆ ಕಿಟಕಿ ತೆರೆದಿಡುವುದು, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಲು ಹೇಳುವುದು. ತಟ್ಟೆ ಲೋಟಗಳನ್ನು ಬೇರ್ಪಡಿಸುವುದರಿಂದ ಪ್ರಯೋಜನವಿಲ್ಲ. ಕ್ಷಯವು ಹರಡುವುದು ಗಾಳಿಯಿಂದ, ಪಾತ್ರೆಯಿಂದಲ್ಲ. ಕ್ಷಯವೇ ಆಗಿದ್ದರೂ ಅದು ಗುಣವಾಗುವ ರೋಗ. ಬರಿಯ ಗುಳ್ಳೆಯಾಗಿದ್ದರೆ, ಅದಕ್ಕೊಂದು ಸರಿಯಾದ ಹೆಸರನ್ನು ವೈದ್ಯರಿಂದ ಬರೆಯಿಸಿಕೊಂಡು ಆ ಕಾಗದವನ್ನು ಜೋಪಾನವಾಗಿಡಬೇಕು. ಮುಂದಿನ ಪ್ರತಿಯೊಂದು ವೈದ್ಯಕೀಯ ಪರೀಕ್ಷೆಯಲ್ಲಿಯೂ ಅವನ ಪರವಾಗಿ ಸಾಕ್ಷಿ ನುಡಿಯುವುದು ಅದೇ.